ರಟ್ಟಿನ ಪೇಟೆಬೀದಿ: 1950ರ ದಶಕದ ಇಂಗ್ಲೆಂಡು ಕಾರವಾರದ ಮಳೆಗೆ ತಡೆಯುತ್ತದೆಯೇ?

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುದ್ರಿಸಿ, ರಟ್ಟಿಗೆ ಅಂಟಿಸಿ ಕಟ್ಟುವ ಐದು ಪುಟ್ಟ ಮಾದರಿ ಕಟ್ಟಡಗಳ ಈ ಕಾಗದದ ಕಿಟ್‌ನಲ್ಲಿ ಎರಡು ಕಟ್ಟಡ ಕೊಟ್ಟ ದುಡ್ಡಿಗೆ ಸಲ್ಲುತ್ತವೆ, ಎರಡು ತಿದ್ದಿದರೆ ಸುಧಾರಿಸುತ್ತವೆ, ಒಂದನ್ನು ಕಟ್ಟದೇ ಬಿಡುವುದೇ ಲೇಸು. ಜೊತೆಗೆ ಬರುವ ಅಂಗಡಿ ಬೋರ್ಡುಗಳ ಹಾಳೆ ನೇರ ರದ್ದಿಗೆ. ಇಷ್ಟೆಲ್ಲ ಹೇಳಿದ ಮೇಲೂ, ಘಟ್ಟದ ಕೆಳಗೆ ಕೂತು ಕಪಾಟಿನ ಮೇಲೊಂದು ಇಂಗ್ಲಿಷ್ ಪೇಟೆಬೀದಿ ಕಟ್ಟಬೇಕೆನ್ನುವವರಿಗೆ ಇದಕ್ಕಿಂತ ಅಗ್ಗದ ದಾರಿ ಸಿಗುವುದು ಕಷ್ಟ.

ಇದು ಪೆಟ್ಟಿಗೆಯಲ್ಲಿ ಬರುವ ಕಿಟ್ ಅಲ್ಲ. ದುಡ್ಡು ಕಟ್ಟಿದರೆ ಪಿಡಿಎಫ್ ಕಡತ ಇಳಿಯುತ್ತದೆ. ಮುದ್ರಣ, ರಟ್ಟು, ಅಂಟು, ಬೆವರು ಎಲ್ಲ ಕೊಂಡವರ ಪಾಲಿಗೆ. ಅಳತೆ ಓಓ, ಅಂದರೆ ಅಸಲಿನ ಒಂದು ಅಡಿಗೆ ಇಲ್ಲಿ 4 ಮಿ.ಮೀ. ಬ್ರಿಟನ್ನಿನ ಮಾದರಿ ರೈಲಿನವರು ಹೆಚ್ಚಾಗಿ ಹಿಡಿದುಕೊಂಡಿರುವ ಅಳತೆ ಇದೇ ಆದ್ದರಿಂದ ಜನ, ಕಾರು, ದೀಪದ ಕಂಬ ಹೊರಗಿನಿಂದ ತರಿಸಿದರೂ ಹೊಂದುತ್ತವೆ. ಐದು ಕಟ್ಟಡ ಯಾವುವೆಂದರೆ: ಸಾರೋಟಿನ ಕಾಲದ ಒಂದು ಹಳೆಯ ವಸತಿಗೃಹ (ಮುಂಭಾಗ 176 ಮಿ.ಮೀ.), ಮರದ ಚೌಕಟ್ಟಿನ ಮನೆಯಂಗಡಿ (66), ಜಾರ್ಜಿಯನ್ ಕಾಲದ, ಅಂದರೆ ಹದಿನೆಂಟನೆಯ ಶತಮಾನದ ಸುಮಾರಿನ, ಇಟ್ಟಿಗೆ ಮುಖದ ಅಂಗಡಿ (80), ಕಲ್ಲಿನ ಬ್ಯಾಂಕು (120), 1930ರ ದಶಕದ ದೊಡ್ಡ ಬಟ್ಟೆ ಅಂಗಡಿ (144). ಸಾಲಾಗಿ ಇಟ್ಟರೆ 586 ಮಿ.ಮೀ., ಎರಡು ಅಡಿಗೆ ಬೆರಳಗಲ ಕಡಿಮೆ. ಆಳ ಬರೀ 50 ಮಿ.ಮೀ.; ಗೋಡೆಗೆ ತಾಗಿಸಿ ಇಡುವ ಅರ್ಧ ಕಟ್ಟಡಗಳಿವು, ಹಿಂಬದಿ ಇಲ್ಲ.

ಮರದ ಮನೆಯ 66 ಮಿ.ಮೀ. ಸುಮ್ಮನೆ ಬಂದದ್ದಲ್ಲ. ಅಸಲಿನಲ್ಲಿ ಅದು ಹದಿನಾರೂವರೆ ಅಡಿ, ಇಂಗ್ಲಿಷ್ ಹಳೆಯ ಅಳತೆಯ ಒಂದು ಪರ್ಚ್. ಮಧ್ಯಯುಗದಲ್ಲಿ ಪೇಟೆಯ ಜಾಗ ಹಂಚುವಾಗ ಬೀದಿಯ ಕಡೆ ಇಕ್ಕಟ್ಟು, ಹಿಂದಕ್ಕೆ ಉದ್ದವಾಗಿ ಪಟ್ಟಿ ಪಟ್ಟಿ ಕೊಯ್ದು ಕೊಟ್ಟರು. ಮುಂದೆ ಅಂಗಡಿ, ಮೇಲೆ ಮನೆ, ಹಿಂದೆ ಅಂಗಳ. ಕುಮಟೆಯ ಅಥವಾ ಶಿರಸಿಯ ಹಳೆಯ ಪೇಟೆಯಲ್ಲಿ ಅಂಗಡಿಯೊಳಗಿಂದ ಹಾದು ಮನೆಗೆ, ಮನೆಯಿಂದ ಬಾವಿಕಟ್ಟೆಗೆ ನಡೆದವರಿಗೆ ಈ ನಕ್ಷೆ ಬಿಡಿಸಿ ಹೇಳಬೇಕಾಗಿಲ್ಲ. ಕಿಟ್ ಮಾಡಿದವರು ಈ ಅಗಲವನ್ನು ಸರಿಯಾಗಿ ಹಿಡಿದಿದ್ದಾರೆ.

ಮುದ್ರಣದಲ್ಲೇ ಅರ್ಧ ಜನ ಎಡವುತ್ತಾರೆ. ಒಟ್ಟು 31 ಹಾಳೆ: 22 ಬಣ್ಣದ್ದು, 9 ರಟ್ಟು ಕೊಯ್ಯುವ ನಕ್ಷೆ. ಬಣ್ಣದ ಪುಟಕ್ಕೆ 15 ರೂಪಾಯಿ ಹಿಡಿದರೆ 330 ರೂಪಾಯಿ. ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆಯನ್ನು ತಾನೇ ಒತ್ತಿಕೊಂಡಿರುತ್ತದೆ. ಆಗ ಎಲ್ಲವೂ ನೂರಕ್ಕೆ ಮೂರೋ ನಾಲ್ಕೋ ಪಾಲು ಕುಗ್ಗುತ್ತದೆ. ಬರೀ ಬಣ್ಣದ ಹಾಳೆ ಕುಗ್ಗಿ ನಕ್ಷೆ ಕುಗ್ಗದಿದ್ದರೆ ಮೂಲೆಗಳು ಕೂಡುವುದೇ ಇಲ್ಲ. ಮೊದಲ ಹಾಳೆ ಹೊರಬಂದ ಕೂಡಲೇ ಇಟ್ಟಿಗೆ ಎಣಿಸಿ. ಇಂಗ್ಲಿಷ್ ಹಳೆಯ ಇಟ್ಟಿಗೆ ಗಾರೆ ಸೇರಿ 9 ಇಂಚು ಉದ್ದ, 3 ಇಂಚು ಎತ್ತರ. ಅಂದರೆ ಅಡಿಗೆ ನಾಲ್ಕು ವರಸೆ. ಹಾಳೆಯ ಮೇಲೆ 20 ವರಸೆ ಸರಿಯಾಗಿ 20 ಮಿ.ಮೀ. ಆಗಬೇಕು. 19 ಚಿಲ್ಲರೆ ಬಂದರೆ ಉಳಿದ 30 ಹಾಳೆ ಒತ್ತುವ ಮೊದಲು ನಿಲ್ಲಿಸಿ.

ಲೇಸರ್ ಮುದ್ರಣವೇ ಆಗಬೇಕು. ಇಂಕ್‌ಜೆಟ್‌ನ ಸಾಮಾನ್ಯ ಶಾಯಿ ಅಂಟಿನ ತೇವಕ್ಕೇ ಹರಡಿ, ಇಟ್ಟಿಗೆಯ ನಡುವಿನ ಗೆರೆ ಕದಡುತ್ತದೆ. ಲೇಸರಿನ ತೊಂದರೆ ಬೇರೆ: ಮಡಿಸಿದಲ್ಲಿ ಬಣ್ಣದ ಪದರ ಸಿಡಿದು ಬಿಳಿ ಗೆರೆ ಕಾಣುತ್ತದೆ. ಅದಕ್ಕೆ ಮಡಿಸುವ ಮೊದಲು ಹಿಂಬದಿಯಿಂದ ಮೊಂಡು ಸೂಜಿಯಲ್ಲಿ ಗೀರಿ, ಮಡಿಸಿದ ಮೇಲೆ ಇಟ್ಟಿಗೆ ಬಣ್ಣದ ಪೆನ್ಸಿಲ್ ಎಳೆದರೆ ಸಾಕು.

ರಟ್ಟಿಗೆ ಹೊರಗಿನಿಂದ ಏನೂ ತರಿಸಬೇಕಾಗಿಲ್ಲ. ಪುಸ್ತಕ ಬೈಂಡಿಂಗ್ ಮಾಡುವವರ ಬಳಿ ಸಿಗುವ ಬೂದು ರಟ್ಟು ಸಾಕು, 2 ಮಿ.ಮೀ. ದಪ್ಪದ್ದು ಎ4 ಅಳತೆಯ 14 ತುಂಡು, 1 ಮಿ.ಮೀ. ದಪ್ಪದ್ದು 10 ತುಂಡು. ಹುಲ್ಲಿನ ಹಳದಿ ರಟ್ಟು ಬೇಡ, ಅದರ ಅಂಚು ಎಳೆ ಎಳೆ ಬಿಡುತ್ತದೆ. ಕೊಳ್ಳುವಾಗ ರಟ್ಟನ್ನು ಎರಡೂ ದಿಕ್ಕಿಗೆ ತುಸು ಬಗ್ಗಿಸಿ ನೋಡಿ. ಸುಲಭವಾಗಿ ಬಗ್ಗುವಾಗ ಎದ್ದು ನಿಲ್ಲುವ ಮಡಿಕೆಯ ಗೆರೆಯೇ ನಾರಿನ ದಿಕ್ಕು. ನೀರು ಕುಡಿದ ಕಾಗದ ನಾರಿಗೆ ಅಡ್ಡಲಾಗಿ ಹೆಚ್ಚು ಹಿಗ್ಗುತ್ತದೆ, ಉದ್ದಕ್ಕೆ ಕಡಿಮೆ. ಆದ್ದರಿಂದ ನಾರು ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಇರುವಂತೆ ಕೊಯ್ದರೆ ಗೋಡೆ ನೆಟ್ಟಗೆ ನಿಲ್ಲುತ್ತದೆ.

ಕಿಟ್‌ನ ಸೂಚನೆ ಪುಟ ಇಲ್ಲಿಯೇ ನಮ್ಮನ್ನು ಕೈಬಿಡುವುದು. ‘ಬಿಳಿ ಅಂಟು ಸವರಿ, ಕಾಗದ ಅಂಟಿಸಿ, ಒಣಗಲು ಬಿಡಿ’ ಎಂದಷ್ಟೇ ಇದೆ. ಬರೆದವರು ಹೀಟರ್ ಉರಿಯುವ ಕೋಣೆಯಲ್ಲಿ ಕೂತು ಬರೆದಿರಬೇಕು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಜುಲೈನಲ್ಲಿ ಒಗೆದ ಪಂಚೆಯೇ ಮೂರು ದಿನ ಒಣಗದು. ನೀರಿನ ಅಂಟು ತಾಗಿದ ಕಾಗದ ಮೊದಲು ಹಿಗ್ಗುತ್ತದೆ, ಹಿಗ್ಗಿದ ಸ್ಥಿತಿಯಲ್ಲೇ ರಟ್ಟಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಒಣಗುತ್ತ ಕುಗ್ಗಿ ರಟ್ಟನ್ನು ತನ್ನ ಕಡೆ ಎಳೆಯುತ್ತದೆ. ಫಲ: ಗೋಡೆಗಳೆಲ್ಲ ಅಡಕೆ ಹಾಳೆಯಂತೆ ಒಳಗೆ ಬಾಗುತ್ತವೆ. ಮದ್ದು ಒಂದೇ, ಎರಡೂ ಬದಿಗೆ ಸಮನಾಗಿ ಎಳೆತ ಕೊಡುವುದು. ಮುಖಕ್ಕೆ ಬಣ್ಣದ ಹಾಳೆ ಅಂಟಿಸಿದ ಐದು ನಿಮಿಷದೊಳಗೆ ಹಿಂಬದಿಗೆ ಅದೇ ದಪ್ಪದ ಖಾಲಿ ಹಾಳೆ, ಅದೇ ನಾರಿನ ದಿಕ್ಕಿನಲ್ಲಿ ಅಂಟಿಸಿ, ಎರಡು ಗಾಜಿನ ನಡುವೆ ಇಟ್ಟು ಮೇಲೆ ಐದಾರು ಕಿಲೋ ಹೇರಿ. ಬೇಸಿಗೆಯಲ್ಲಿ ಒಂದು ರಾತ್ರಿ, ಮಳೆಗಾಲದಲ್ಲಿ ಎರಡು ಹಗಲು ಎರಡು ರಾತ್ರಿ. ಗಾಜಿಗೆ ಅಂಟದಿರಲು ನಡುವೆ ಪ್ಲಾಸ್ಟಿಕ್ ಹಾಳೆ ಇರಲಿ. ಅಂಟನ್ನು ನೀರು ಸೇರಿಸಿ ತೆಳು ಮಾಡಬೇಡಿ; ಹಳೆಯ ಎಟಿಎಂ ಕಾರ್ಡಿನಿಂದ ಬಳಿದು ಉಳಿದದ್ದನ್ನು ಕೆರೆದು ತೆಗೆಯಿರಿ.

ಮೈದಾ ಅಂಟು ಬಳಸುವವರಿದ್ದಾರೆ. ಚೌತಿಯ ಮಂಟಪಕ್ಕೆ ಅದು ಸೈ, ಹತ್ತು ದಿನದ ಬಾಳು. ವರ್ಷಗಟ್ಟಲೆ ಇಡುವ ವಸ್ತುವಿಗೆ ಹಾಕಿದರೆ ಪುಸ್ತಕದ ಬೆಳ್ಳಿಹುಳಕ್ಕೂ ಜಿರಳೆಗೂ ಊಟ ಬಡಿಸಿದಂತೆ. ಹಳೆಯ ಬೈಂಡಿಂಗಿನವರು ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತು ಹಾಕುತ್ತಿದ್ದುದು ಇದಕ್ಕೇ. ಕೊಳೆ ಔಷಧಿಗೆ ತಂದದ್ದು ತೋಟವಿದ್ದವರ ಮನೆಯಲ್ಲಿ ಹೇಗೂ ಇರುತ್ತದೆ, ಆದರೆ ಅದು ವಿಷ. ಮಕ್ಕಳು ಕೈ ಹಾಕುವ ಕೆಲಸಕ್ಕೆ ಬೇಡ.

ಕೊಯ್ಯುವ ಕ್ರಮ: ಮೊದಲು ಕಿಟಕಿ, ಆಮೇಲೆ ಹೊರ ಅಂಚು. ತಿರುಗುಮುರುಗು ಮಾಡಿದರೆ ಕಿಟಕಿ ಕೊಯ್ಯುವಾಗ ತೆಳ್ಳನೆಯ ಅಂಚು ಮುರಿಯುತ್ತದೆ. 2 ಮಿ.ಮೀ. ರಟ್ಟನ್ನು ಒಂದೇ ಏಟಿಗೆ ಸೀಳಲು ಹೋಗದೆ ಐದಾರು ಸಲ ಹಗುರವಾಗಿ ಎಳೆಯಿರಿ. ಜಾರ್ಜಿಯನ್ ಮುಖವೊಂದರಲ್ಲೇ ಒಂಬತ್ತು ಕಿಟಕಿ, 36 ಕೊಯ್ತ. ಅಷ್ಟರಲ್ಲಿ ಕಟ್ಟರಿನ ತುದಿ ಎರಡು ಸಲ ಮುರಿದು ಹೊಸದು ತೆಗೆಯಲೇಬೇಕು. ಕಡಲ ಗಾಳಿಗೆ ಬ್ಲೇಡು ವಾರದಲ್ಲಿ ತುಕ್ಕು ಹಿಡಿಯುತ್ತದೆಂದು ಎಣ್ಣೆ ಸವರಿಟ್ಟಿದ್ದರೆ ಕೊಯ್ಯುವ ಮೊದಲು ಒರೆಸಿ. ಎಣ್ಣೆ ಕಲೆ ಬಿದ್ದ ಇಟ್ಟಿಗೆಗೆ ಪರಿಹಾರವಿಲ್ಲ.

ಕೊಯ್ದಾದ ಮೇಲೆ ಅರಗು. ಮರದ ಪಾಲಿಶಿಗೆ ಬಳಸುವ ಅರಗಿನ ಚಕ್ಕೆ 12 ಗ್ರಾಂ, ಅದೇ ಅಂಗಡಿಯ ಸ್ಪಿರಿಟ್ 100 ಮಿ.ಲೀ.; ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಕಪ್ಪಾಗುತ್ತದೆ, ಆರು ತಿಂಗಳು ಹಳತಾದರೆ ಒಣಗದೆ ಅಂಟಂಟಾಗುತ್ತದೆ, ಒಲೆಯ ಹತ್ತಿರ ಬಳಸಿದರೆ ಬೆಂಕಿ ಹತ್ತುತ್ತದೆ. ರಟ್ಟಿನ ಹಿಂಬದಿಗೆ ಮತ್ತು ಕೊಯ್ದ ಅಂಚುಗಳಿಗೆ ಎರಡು ಸಲ, ಅರ್ಧ ಗಂಟೆ ಬಿಟ್ಟು. ತೇವ ಒಳನುಗ್ಗುವುದು ಮುಖ್ಯವಾಗಿ ಅಂಚಿನಿಂದ. ಕಿಟಕಿಯ ಒಳ ಅಂಚನ್ನು ಮರೆಯುವವರೇ ಹೆಚ್ಚು. ಕೂಡಿಸುವ ಜಾಗಗಳಿಗೆ ಮಾತ್ರ ಮೊದಲೇ ಹಚ್ಚಬೇಡಿ, ಬಿಳಿ ಅಂಟು ಅರಗಿನ ಮೇಲೆ ಕಚ್ಚುವುದಿಲ್ಲ. ಸುರಿಮಳೆಯ ದಿನ ಹಚ್ಚಿದರೆ ಹಾಲಿನಂತಹ ಬಿಳಿ ಪೊರೆ ಕಟ್ಟುತ್ತದೆ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲಿ ಕೂರುವುದೇ ಕಾರಣ. ಮೇ ತಿಂಗಳಲ್ಲಿ ಈ ಕೆಲಸ ಮುಗಿಸಿಕೊಂಡವರು ಜಾಣರು.

ಇನ್ನು ಕಟ್ಟಡಗಳ ಗುಣ.

ಮರದ ಚೌಕಟ್ಟಿನ ಮನೆ ಈ ಸೆಟ್ಟಿನ ರತ್ನ. ಒಂದೊಂದು ಮಹಡಿಯೂ ಕೆಳಗಿನದಕ್ಕಿಂತ ಬೀದಿಯ ಕಡೆ ಮುಂದೆ ಚಾಚಿದೆ. ಆ ಚಾಚು ಹೇಗೆ ನಿಂತಿದೆಯೆಂದು ತೋರಿಸಲು ಅಡಿಯಲ್ಲಿ ಜಂತಿಗಳ ತುದಿಯನ್ನೂ ಬಿಡಿಯಾಗಿ ಕೊಟ್ಟಿದ್ದಾರೆ. 11 ತುಂಡು, ಒಂದೊಂದೂ 2 ಮಿ.ಮೀ. ಚೌಕ. ಇಕ್ಕಳದಲ್ಲಿ ಹಿಡಿದು ಅಂಟಿಸುವಷ್ಟರಲ್ಲಿ ಕಣ್ಣಿಗೆ ಕತ್ತಲೆ, ಆದರೆ ಬಿಡಬೇಡಿ. ಯಾರ್ಕ್ ನಗರದ ಶ್ಯಾಂಬಲ್ಸ್ ಎಂಬ ಹಳೆಯ ಕಟುಕರ ಬೀದಿಯಲ್ಲಿ ಎದುರುಬದುರು ಮನೆಗಳ ಮಾಡು ತಾಗಿಕೊಳ್ಳುವಷ್ಟು ಹತ್ತಿರ ಬರುವುದು ಈ ಚಾಚಿನಿಂದಲೇ. ಚೌಕಟ್ಟಿನ ನಡುವಿನ ಗೋಡೆ ಅಸಲಿನಲ್ಲಿ ಕಡ್ಡಿ ಹೆಣೆದು ಮಣ್ಣು ಮೆತ್ತಿದ್ದು, ನಮ್ಮ ತಟ್ಟಿಗೋಡೆಯ ಬಂಧು. ಬಣ್ಣದಲ್ಲಿ ಮಾತ್ರ ಜಾಗರೂಕತೆ ಬೇಕು: ಕಿಟ್‌ನಲ್ಲಿ ಮರ ಕಡುಗಪ್ಪು, ಗೋಡೆ ಹಾಲುಬಿಳುಪು. ಚೆಷರ್ ಕಡೆಯ ಪೇಟೆಗಾದರೆ ಸರಿ. ಆ ಕಪ್ಪು ಹೆಚ್ಚಾಗಿ ವಿಕ್ಟೋರಿಯಾ ಕಾಲದ ಷೋಕಿ, 1950ರ ಹೊತ್ತಿಗೆ ಅಲ್ಲಿ ಬೇರೂರಿತ್ತು. ಸಫೋಕ್, ಎಸೆಕ್ಸ್ ಕಡೆಯ ಬೀದಿ ಕಟ್ಟುವವರು ಮರವನ್ನು ಬೂದಿಬಣ್ಣಕ್ಕೆ ತಿರುಗಿಸಬೇಕು, ಇಲ್ಲವೇ ಇಡೀ ಮುಖಕ್ಕೆ ಗಾರೆ ಬಳಿದಂತೆ ಮುಚ್ಚಬೇಕು.

ಇದರ ಒಂದೇ ಕುಂದು ಮಾಡು. ನಕ್ಷೆಯಲ್ಲಿ ಇಳಿಜಾರು 35 ಡಿಗ್ರಿ. ಮಂಗಳೂರು ಹಂಚಿನ ಮಾಡು ನೋಡಿ ಬೆಳೆದ ಕಣ್ಣಿಗೆ ಏನೂ ತಪ್ಪು ಅನ್ನಿಸುವುದಿಲ್ಲ, ಅಪಾಯ ಅಲ್ಲಿಯೇ ಇದೆ. ನಮ್ಮ ಹಂಚಿಗೆ ತೋಡು ಇದೆ, ಒಂದರೊಳಗೊಂದು ಕಚ್ಚಿಕೊಳ್ಳುತ್ತದೆ, ಚದರ ಮೀಟರಿಗೆ ಹದಿನೈದರಷ್ಟು ಸಾಕು. ಇಂಗ್ಲೆಂಡಿನ ಹಳೆಯ ಹಂಚು ಬರೀ ಚಪ್ಪಟೆ ಬಿಲ್ಲೆ, ಹತ್ತೂವರೆ ಇಂಚಿಗೆ ಆರೂವರೆ. ರೀಪಿನಿಂದ ರೀಪಿಗೆ ನಾಲ್ಕು ಇಂಚು, ಚದರ ಮೀಟರಿಗೆ 60. ಕಚ್ಚಿಕೊಳ್ಳದ ಹಂಚಿನ ಮೇಲೆ ನೀರು ತಂಗಿದರೆ ಸೋರುತ್ತದೆ, ಆದ್ದರಿಂದ ಮಾಡು 45-50 ಡಿಗ್ರಿ ಕಡಿದಾಗಿರಬೇಕು. 50 ಡಿಗ್ರಿಗೆ ತಿದ್ದಿದರೆ ಏಣು 35ರ ಬದಲು 60 ಮಿ.ಮೀ. ಎತ್ತರಕ್ಕೆ ಹೋಗುತ್ತದೆ, ಇಳಿಜಾರಿನ ಉದ್ದ 61ರಿಂದ 78 ಆಗುತ್ತದೆ. ಹಂಚಿನ ಹಾಳೆ 17 ಮಿ.ಮೀ. ಸಾಲದು, ಅದೊಂದು ಪುಟವನ್ನು ಎರಡು ಪ್ರತಿ ಒತ್ತಿಸಿಟ್ಟುಕೊಳ್ಳಿ.

ವಸತಿಗೃಹವೂ ಚೆನ್ನ. ಟಪಾಲು ಸಾರೋಟುಗಳು 1784ರಲ್ಲಿ ಶುರುವಾಗಿ 1840ರ ದಶಕದಲ್ಲಿ ರೈಲು ಬಂದಾಗ ಮೂಲೆ ಸೇರಿದವು. ಅವು ಒಳಗೆ ನುಗ್ಗುತ್ತಿದ್ದ ಕಮಾನು ಮಾತ್ರ ಉಳಿಯಿತು. ಕಿಟ್‌ನ ಕಮಾನು 42 ಮಿ.ಮೀ. ಎತ್ತರ, ಅಂದರೆ ಹತ್ತೂವರೆ ಅಡಿ, ಒಪ್ಪುವ ಅಳತೆ. ಆದರೆ ಅದರ ಹಿಂದೆ ಕಪ್ಪು ಕಾಗದ ಅಂಟಿಸಿ ಎನ್ನುತ್ತಾರೆ. ಅಂಟಿಸಬೇಡಿ. 40 ಮಿ.ಮೀ. ಆಳದ ಓಣಿ ಕಟ್ಟಿ, ಕೊನೆಯಲ್ಲಿ ಅಂಗಳದ ತುಣುಕು ಚಿತ್ರ ಇಡಿ, ಮೇಲಿಂದ ಬೆಳಕು ಬೀಳಲಿ. 1950ರ ಹೊತ್ತಿಗೆ ಇಂಥ ಅಂಗಳಗಳಲ್ಲಿ ಕುದುರೆಯ ಬದಲು ಮೋಟಾರು ನಿಲ್ಲುತ್ತಿತ್ತು.

ಜಾರ್ಜಿಯನ್ ಅಂಗಡಿಯಲ್ಲಿ ತಪ್ಪುಗಳು ಒಂದರ ಮೇಲೊಂದು. ಮೊದಲನೆಯದು ಇಟ್ಟಿಗೆ ಹೆಣಿಗೆ. ಎಲ್ಲ ಇಟ್ಟಿಗೆಯ ಉದ್ದದ ಮುಖವೇ ಕಾಣುವಂತೆ ಮುದ್ರಿಸಿದ್ದಾರೆ. ಅದು ಎರಡು ಪದರದ ಟೊಳ್ಳು ಗೋಡೆಯ ಲಕ್ಷಣ, ಸಾಮಾನ್ಯವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಹದಿನೆಂಟನೆಯ ಶತಮಾನದ ಮುಖಕ್ಕೆ ಬೇಕಾದದ್ದು ಫ್ಲೆಮಿಶ್ ಹೆಣಿಗೆ: ಒಂದೇ ವರಸೆಯಲ್ಲಿ ಒಂದು ಉದ್ದ, ಒಂದು ಗಿಡ್ಡ, ಮತ್ತೆ ಉದ್ದ. ಇದೇ ಸೆಟ್ಟಿನ ವಸತಿಗೃಹದ ಒಂದು ಹಾಳೆಯಲ್ಲಿ ಸರಿಯಾದ ಫ್ಲೆಮಿಶ್ ಇದೆ, ಯಾರಿಗೂ ಕಾಣದ ಜಾಗದಲ್ಲಿ! ಅದನ್ನು ಇಲ್ಲಿಗೆ ಬಳಸಿ.

ಎರಡನೆಯದು ಕಿಟಕಿ. ಮೇಲೆ ಆರು, ಕೆಳಗೆ ಆರು ಗಾಜಿನ, ಮೇಲೆ-ಕೆಳಗೆ ಸರಿಯುವ ಕಿಟಕಿ ಸರಿಯೇ. ಆದರೆ ಮೇಲಿನ ಬಾಗಿಲಿನ ಎರಡು ಮೂಲೆಯಲ್ಲಿ ಪುಟ್ಟ ಕೊಂಬು ಇಳಿದಿದೆ. ಆ ಕೊಂಬು ಹುಟ್ಟಿದ್ದು ವಿಕ್ಟೋರಿಯಾ ಕಾಲದಲ್ಲಿ. ದೊಡ್ಡ ಗಾಜಿನ ಭಾರ ತಡೆಯಲು ಚೌಕಟ್ಟಿನ ಸಂದು ಗಟ್ಟಿ ಮಾಡಲು ಬಡಗಿಗಳು ಉಳಿಸಿಕೊಂಡ ಮರ ಅದು. ಸಣ್ಣ ಗಾಜಿನ ಕಿಟಕಿಗೆ ಅದರ ಹಂಗಿಲ್ಲ, ಚೂಪು ಬ್ಲೇಡಿನಲ್ಲಿ ಸವರಿ ಹಾಕಿ. ಕಿಟಕಿಯನ್ನು ಗೋಡೆಯ ಮುಖಕ್ಕೆ ಸಮನಾಗಿ ಅಂಟಿಸುವಂತೆಯೂ ಹೇಳಿದ್ದಾರೆ. ಲಂಡನ್ನಿನ 1709ರ ಕಟ್ಟಡ ಕಾಯಿದೆ ಬೆಂಕಿಯ ಭಯಕ್ಕೆ ಕಿಟಕಿಯ ಮರವನ್ನು ನಾಲ್ಕು ಇಂಚು ಒಳಗಿಡಲು ಹೇಳಿತು, ಬೇರೆ ಊರುಗಳು ನಿಧಾನಕ್ಕೆ ಅದೇ ಚಾಳಿ ಹಿಡಿದವು. ನಾಲ್ಕು ಇಂಚೆಂದರೆ 1.3 ಮಿ.ಮೀ.; 1 ಮಿ.ಮೀ. ರಟ್ಟಿನ ಒಂದು ಪದರ ಮುಂದೆ ಬಿಟ್ಟು ಹಿಂದೆ ಅಂಟಿಸಿದರೆ ನೆರಳು ತಾನೇ ಬೀಳುತ್ತದೆ. ಗಾಜಿಗೆ ಪಾರದರ್ಶಕ ಓಎಚ್‌ಪಿ ಹಾಳೆ. ಇದಕ್ಕೆ ಕ್ಷಣದಲ್ಲಿ ಹಿಡಿಯುವ ಸೂಪರ್ ಅಂಟು ಹಚ್ಚಿದರೆ ಅದರ ಆವಿ ಹಾಳೆಯ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಒಂದು ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿ ಕೊಟ್ಟಿದ್ದಾರೆ, 1696ರಿಂದ 1851ರವರೆಗಿದ್ದ ಕಿಟಕಿ ತೆರಿಗೆಯ ನೆನಪಿಗೆ. ಚೆಂದವೇ, ಆದರೆ ಮುಚ್ಚಿದ ಕಿಟಕಿಯೆಲ್ಲ ತೆರಿಗೆಯದಲ್ಲ. ಮುಖ ಸಮತೂಕವಾಗಿ ಕಾಣಲೆಂದು ಹುಟ್ಟುವಾಗಲೇ ಕುರುಡಾಗಿದ್ದವೂ ಉಂಟು.

ಮೂರನೆಯದು ನಿಜವಾದ ನಷ್ಟ: ಪಕ್ಕದ ಗೋಡೆ. ಅದಕ್ಕೂ ಮುಂದಿನದೇ ಕೆಂಪು ಇಟ್ಟಿಗೆ ಬಳಿದುಬಿಟ್ಟಿದ್ದಾರೆ. ಇಂಗ್ಲಿಷ್ ಪೇಟೆಬೀದಿಯ ಗುಟ್ಟು ಇರುವುದು ಪಕ್ಕದಲ್ಲಿ. ಎಷ್ಟೋ ಜಾರ್ಜಿಯನ್ ಮುಖ ಬರೀ ಮುಖವಾಡ: ಹಳೆಯ ಮರದ ಮನೆಯ ಮುಂದೆ ಇಟ್ಟಿಗೆಯ ಒಂದು ಪದರ ಎಬ್ಬಿಸಿ, ಮೇಲೆ ಪ್ಯಾರಾಪೆಟ್ ಏರಿಸಿ ಕಡಿದಾದ ಹಳೆಯ ಮಾಡನ್ನು ಅಡಗಿಸಿದ್ದು. ಪಕ್ಕದ ಮನೆಯ ಮಾಡಿನ ಮೇಲಿಂದ ಇಣುಕಿದರೆ ಮರದ ಚೌಕಟ್ಟು, ತ್ರಿಕೋನ ಗೋಡೆ ಎಲ್ಲ ಬಯಲು. ಮರದ ಮನೆಯ ಹಾಳೆಯಿಂದ ಒಂದು ಚೂರು ತೆಗೆದು ಪಕ್ಕಕ್ಕೆ ಅಂಟಿಸಿ, ಪ್ಯಾರಾಪೆಟ್ಟಿನ ಹಿಂದೆ ಹಂಚಿನ ಮಾಡು ನಿಲ್ಲಿಸಿ. ಅರ್ಧ ಗಂಟೆಯ ಕೆಲಸ, ಕಟ್ಟಡಕ್ಕೆ ಇನ್ನೂರು ವರ್ಷ ಹೆಚ್ಚಿನ ವಯಸ್ಸು.

ಹೊಗೆಗೂಡು ಎಲ್ಲ ಕಟ್ಟಡಕ್ಕೂ ಕಡಿಮೆ. ಪ್ರತಿ ಬೆಂಕಿಗೂಡಿಗೂ ಬೇರೆ ಹೊಗೆದಾರಿ, ಪ್ರತಿ ದಾರಿಗೂ ಮೇಲೊಂದು ಮಣ್ಣಿನ ಕೊಳವೆ. ಮೇಲಿನ ಎರಡು ಮಹಡಿಯಲ್ಲಿ ನಾಲ್ಕು ಕೋಣೆ, ಅಂಗಡಿಯ ಹಿಂದೊಂದು, ಒಟ್ಟು ಐದು ಕೊಳವೆ ಬೇಕು, ಕೊಟ್ಟಿದ್ದು ಎರಡು. ಖಾಲಿ ಬಾಲ್‌ಪೆನ್ ರೀಫಿಲ್ಲಿನ 10 ಮಿ.ಮೀ. ತುಂಡುಗಳು ಹೇಳಿ ಮಾಡಿಸಿದಂತಿವೆ. ಮಳೆನೀರಿನ ಪೈಪಿಗೆ ತೆಂಗಿನ ಹಿಡಿಕಡ್ಡಿಯ ದಪ್ಪ ತುದಿ.

ಬಟ್ಟೆ ಅಂಗಡಿ 1930ರ ದಶಕದ ಮೆರುಗು ಬಿಲ್ಲೆಯ ಮುಖದ್ದು. ಮಾಂಟೇಗ್ ಬರ್ಟನ್ ಕಂಪನಿಯ ಇಂಥ ಅಂಗಡಿಗಳ ಮಹಡಿಯಲ್ಲಿ ಬಿಲಿಯರ್ಡ್ಸ್ ಹಾಲ್ ಇರುತ್ತಿತ್ತು. ಕಿಟ್ ಮೇಲಿನ ಕಿಟಕಿಗೆ ಬರೀ ಪರದೆ ಕೊಟ್ಟಿದೆ, ಅಲ್ಲಿ ಹಸಿರು ಛಾಯೆಯ ದೀಪ ಒಂದೆರಡು ಬರೆದುಕೊಳ್ಳಿ. ಉಳಿದ ಕಟ್ಟಡಗಳಿಗೆ ಹೊಳಪಿಲ್ಲದ ವಾರ್ನಿಷ್, ಇದೊಂದಕ್ಕೆ ಹೊಳೆಯುವುದು.

ಬ್ಯಾಂಕು ಬೇಡ. ಕಲ್ಲಿನ ಕಂಬ, ಕಾರ್ನಿಸ್ (ಗೋಡೆಯ ನೆತ್ತಿಯ ಮುಂಚಾಚು) ಎಲ್ಲ ಚಪ್ಪಟೆ ಚಿತ್ರ. ಬೆಂಡು ಕೆತ್ತುವ ಗುಡಿಗಾರರ ಕೈ ಇದ್ದರೆ ಮಾತ್ರ ಉದ್ಧಾರ. ಆ 120 ಮಿ.ಮೀ. ಜಾಗವನ್ನು ಖಾಲಿ ಬಿಡುವುದೇ ಚರಿತ್ರೆಗೆ ಹತ್ತಿರ. 1942ರಲ್ಲಿ ಎಕ್ಸೆಟರ್, ಬಾತ್, ನಾರಿಚ್, ಯಾರ್ಕ್, ಕ್ಯಾಂಟರ್ಬರಿಗಳ ಮೇಲೆ ಬಿದ್ದ ಬಾಂಬುಗಳು ಬೀದಿಯಲ್ಲಿ ಇಂಥ ಹಲ್ಲು ಬಿದ್ದ ಸಂದುಗಳನ್ನು ಬಿಟ್ಟವು, ಎಷ್ಟೋ ಸಂದು 1950ರ ದಶಕದಲ್ಲೂ ತುಂಬಿರಲಿಲ್ಲ. ಪಕ್ಕದ ಗೋಡೆಯಲ್ಲಿ ಇಲ್ಲದ ಮನೆಯ ಬೆಂಕಿಗೂಡುಗಳು ಒಂದರ ಮೇಲೊಂದು ತೂಗುತ್ತಿರಲಿ, ಮಹಡಿಗೊಂದು ಗೋಡೆಕಾಗದದ ಬಣ್ಣ ಇರಲಿ, ಕೆಳಗೆ ಇಟ್ಟಿಗೆ ಚೂರು ಮತ್ತು ಗುಲಾಬಿ ಬಣ್ಣದ ಹೂ ಬಿಡುವ ಕಳೆ. ಜಾರ್ಜಿಯನ್ ಅಂಗಡಿಯ ಪಕ್ಕದ ಗೋಡೆಗೆ ಆಗಲೇ ಹೇಳಿದ ತಿದ್ದುಪಡಿಯೂ ಆಗ ಎದ್ದು ಕಾಣುತ್ತದೆ.

ಮುಪ್ಪು ಬರಿಸುವ ಕೆಲಸದಲ್ಲಿ ಕರಾವಳಿಯ ಕೈ ಸಲೀಸಾಗಿ ತಪ್ಪು ಮಾಡುತ್ತದೆ. ನಮ್ಮಲ್ಲಿ ಗೋಡೆ ಕಪ್ಪಾಗುವುದು ಮಳೆ ಬಡಿಯುವಲ್ಲಿ: ಪ್ಯಾರಾಪೆಟ್ಟಿನ ನೆತ್ತಿ, ಕಿಟಕಿಯ ಕೆಳಗಿನ ಇಳಿನೀರಿನ ಗೆರೆ, ಸೂರಿನ ಹೊರಗಿನ ಚಿರೆಕಲ್ಲು. ಅದು ಪಾಚಿ, ಹಾವಸೆ, ಜೀವವಿರುವ ಕಪ್ಪು. ಸೂರಿನಡಿ ಗೋಡೆ ಬೆಳ್ಳಗೇ ಉಳಿಯುತ್ತದೆ. ಇಂಗ್ಲಿಷ್ ಪೇಟೆಯ ಕಪ್ಪು ಕಲ್ಲಿದ್ದಲ ಮಸಿ, ಅದರ ರೀತಿ ತದ್ವಿರುದ್ಧ. ಸುಣ್ಣಕಲ್ಲಿನ ಕಟ್ಟಡದಲ್ಲಿ ಮಳೆ ತೊಳೆದ ಜಾಗ ಬಿಳಿ. ಮಳೆ ತಾಗದ ಕಾರ್ನಿಸಿನ ಅಡಿ, ಕಿಟಕಿ ಚೌಕಟ್ಟಿನ ಕೆಳಮೈ, ಕೆತ್ತನೆಯ ಸಂದು, ಅಲ್ಲೆಲ್ಲ ಗಂಧಕದ ಹೊಗೆಯೂ ಸುಣ್ಣವೂ ಸೇರಿ ಕಪ್ಪು ಹೊರಪದರ ಗಟ್ಟಿಯಾಗುತ್ತದೆ. ಮರಳುಗಲ್ಲಾದರೆ ಆದ್ಯಂತ ಕಪ್ಪು. ಇಲ್ಲಿಯವರು ಕಟ್ಟಿದ ಇಂಗ್ಲಿಷ್ ಬೀದಿಗಳಲ್ಲಿ ಪ್ಯಾರಾಪೆಟ್ಟಿನಿಂದ ಕೆಳಗೆ ಕಪ್ಪು ಸುರಿದಿರುವುದು ಎಷ್ಟು ಸಾಮಾನ್ಯವೆಂದರೆ, ನೋಡಿದ ಕೂಡಲೇ ಅಂಕೋಲೆಯ ಗೋಡೆಗೆ ಲಂಡನ್ನಿನ ಬೋರ್ಡು ಹಾಕಿದಂತೆ ಕಾಣುತ್ತದೆ. ಒಲೆಯ ಮೇಲಿನ ಇಲ್ಲಣವನ್ನು ನೆನಪಿಸಿಕೊಳ್ಳಿ, ಪಾಗಾರವನ್ನಲ್ಲ. ಇದ್ದಿಲನ್ನು ಕುಟ್ಟಿ, ಮಲ್ ಬಟ್ಟೆಯಲ್ಲಿ ಜರಡಿ ಹಿಡಿದು, ಒಣ ಕುಂಚದಲ್ಲಿ ಚಾಚುಗಳ ಅಡಿಗೆ ಕೆಳಗಿನಿಂದ ಮೇಲಕ್ಕೆ ತಟ್ಟಿ. ಲಂಡನ್ನಿನ ಹೊಗೆಮಂಜು 1952ರ ಡಿಸೆಂಬರಿನದು, ಹೊಗೆ ತಡೆಯುವ ಕಾಯಿದೆ 1956ರದು. ಅಲ್ಲಿಯವರೆಗೆ ಯಾವ ಬೀದಿಯೂ ಈ ಕಿಟ್‌ನಷ್ಟು ಸ್ವಚ್ಛ ಇರಲಿಲ್ಲ.

ಬೋರ್ಡುಗಳ ಹಾಳೆಯನ್ನು ರದ್ದಿಗೆ ಹಾಕಲು ಕಾರಣವೂ ಇದೇ. ಹೊಸ ಬಣ್ಣ, ಒಂದೇ ನಮೂನೆಯ ಅಕ್ಷರ, ಒಂದಕ್ಕೊಂದು ಹೊಂದುವ ನೀಲಿ-ಕೆನೆ-ಹಸಿರು. ಯುದ್ಧದ ನಂತರ ಕಟ್ಟಡ ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಬೇಕಿತ್ತು, ಅದು ತೊಲಗಿದ್ದು 1954ರ ಕೊನೆಗೆ. ಅಂಗಡಿ ಮುಂಗಟ್ಟುಗಳ ಬಣ್ಣ ಅಲ್ಲಿಯತನಕ ಸಿಪ್ಪೆ ಎದ್ದೇ ಇತ್ತು. ಹಾಳೆಯಲ್ಲಿರುವಂತಹ ಬೀದಿ ನಿಜವಾಗಿ ಬಂದದ್ದು 1959ರಲ್ಲಿ, ನಾರಿಚ್‌ನ ಮ್ಯಾಗ್ಡಲೆನ್ ಸ್ಟ್ರೀಟ್‌ನಲ್ಲಿ. ಎರಡು ವರ್ಷ ಹಿಂದೆ ಹುಟ್ಟಿದ್ದ, ಊರುಗಳ ಅಂದ ಕಾಯುವ ಸಿವಿಕ್ ಟ್ರಸ್ಟ್ ಎಂಬ ಸಂಸ್ಥೆ ಅಲ್ಲಿನ ಅಂಗಡಿಕಾರರನ್ನು ಒಪ್ಪಿಸಿ, ಒಂದೇ ಬಣ್ಣಪಟ್ಟಿ ಹಿಡಿದು ಮುಖಗಳಿಗೆ ಬಣ್ಣ ಹಚ್ಚಿಸಿ, ಅಕ್ಷರ ತಿದ್ದಿಸಿ, ಬೇಡದ ತಂತಿ-ಫಲಕ ಕೀಳಿಸಿತು. ಹಾಗೆ ಸಿಂಗರಿಸಿದ ಬೀದಿಯ ನೆತ್ತಿಯ ಮೇಲೆಯೇ 1972ರಲ್ಲಿ ಮೇಲ್ಸೇತುವೆ ಹಾದುಹೋಯಿತು ಎನ್ನುವುದು ಬೇರೆ ಮಾತು. ನಿಮ್ಮ ಬೀದಿ 1959ರ ನಂತರದ್ದೆಂದು ತೀರ್ಮಾನಿಸಿದ್ದರೆ ಬೋರ್ಡು ಇಟ್ಟುಕೊಳ್ಳಿ. ಇಲ್ಲವಾದರೆ ಒಂದೊಂದು ಅಂಗಡಿಗೆ ಒಂದೊಂದು ಕಾಲದ ಅಕ್ಷರ ಹಾಕಿ, ಬಣ್ಣವನ್ನು ಮಾಸಿಸಿ.

ಇಸವಿ ನಿಲ್ಲಿಸುವುದು ಸಣ್ಣ ಸಾಮಾನುಗಳು. ಜೀಬ್ರಾ ದಾಟುದಾರಿ ಬರೆದರೆ 1951ರ ಈಚೆಗೆ. ಕೆಂಪು ಟೆಲಿಫೋನ್ ಗೂಡು 1936ರಿಂದ ಬಂದ ನಮೂನೆ, 33 ಮಿ.ಮೀ. ಎತ್ತರ, 12 ಚೌಕ. ಕಿಟ್‌ನದು 30 ಇದೆ, ಅಡಿಗೆ ಪೀಠ ಕೊಡಿ. ಮಾಡಿನ ಮೇಲೆ ಇಂಗ್ಲಿಷಿನ ಎಚ್ ಅಕ್ಷರದಂತಹ ಟಿವಿ ಏರಿಯಲ್ ನಿಲ್ಲಿಸುವುದಾದರೆ ಊರು ಯಾವುದೆಂದು ನೋಡಿ: ಬರ್ಮಿಂಗ್‌ಹ್ಯಾಮ್ ಸುತ್ತ ಸಟನ್ ಕೋಲ್ಡ್‌ಫೀಲ್ಡ್ ಪ್ರಸಾರ ಶುರುವಾದದ್ದು 1949ರ ಡಿಸೆಂಬರ್, ಉತ್ತರಕ್ಕೆ ಹೋಮ್ ಮಾಸ್ 1951. ಸಟನ್ ಕೋಲ್ಡ್‌ಫೀಲ್ಡಿನ ಏರಿಯಲ್ ಕಡ್ಡಿ ಸುಮಾರು 8 ಅಡಿ, ಅಂದರೆ 32 ಮಿ.ಮೀ.; ಗೊಂಬೆ ಮನುಷ್ಯನಿಗಿಂತ ಉದ್ದ, ಎಲ್ಲರೂ ಗಿಡ್ಡ ಮಾಡುತ್ತಾರೆ. ಕಾರಿಗೆ 1948ರಿಂದ ಮಾರಿಸ್ ಮೈನರ್ ಧಾರಾಳ. ಮಾರಿಸ್ ಆಕ್ಸ್‌ಫರ್ಡಿನ 1956ರ ಮೂರನೆಯ ಸರಣಿ ಸಿಕ್ಕರೆ ಬಿಡಬೇಡಿ. ನಮ್ಮ ಅಂಬಾಸಿಡರಿನ ಅಪ್ಪ ಅದು, ಮನೆಗೆ ಬಂದವರೆಲ್ಲ ಮೊದಲು ಗುರುತಿಸುವುದೂ ಅದನ್ನೇ.

ಕೊನೆಗೆ ಕೂರಿಸುವ ಕೆಲಸ. ಕಟ್ಟಡಗಳನ್ನು ಒಂದಕ್ಕೊಂದು ಅಂಟಿಸಿ ಎನ್ನುತ್ತದೆ ಸೂಚನೆ. ಇಲ್ಲಿ ಹಾಗೆ ಮಾಡಿದರೆ ಆಗಸ್ಟ್ ಹೊತ್ತಿಗೆ ಸಾಲಿಡೀ ಹಿಗ್ಗಿ ನಡುವಿನ ಇಕ್ಕಟ್ಟು ಮನೆ ಹಲಗೆಯಿಂದ ಮೇಲೇಳುತ್ತದೆ. ಅಡಿಹಲಗೆಗೆ ವಾಟರ್‌ಪ್ರೂಫ್ ಪ್ಲೈವುಡ್ 12 ಮಿ.ಮೀ., ಅದಕ್ಕೂ ಎರಡು ಬದಿ ಅರಗು. ಕಟ್ಟಡ ಕಟ್ಟಡದ ನಡುವೆ ದಪ್ಪ ಕಾಗದದಷ್ಟು, ಅರ್ಧ ಮಿ.ಮೀ. ಸಂದು ಬಿಟ್ಟು, ಪ್ರತಿಯೊಂದನ್ನೂ ನಡುವಿನ ಒಂದೇ ತಿರುಪಿನಿಂದ ಕೆಳಗಿನಿಂದ ಬಿಗಿಯಿರಿ. ಹಿಂಬದಿ ಗೋಡೆಗೆ ಪೂರ್ತಿ ತಾಗಿಸದೆ ಎರಡು ಬೆರಳು ಗಾಳಿಗೆ ಬಿಡಿ. ಪಶ್ಚಿಮದ ಗೋಡೆಯಂತೂ ಬೇಡವೇ ಬೇಡ. ಗಾಜಿನ ಪೆಟ್ಟಿಗೆ ಮಾಡಿಸುವವರು ಮೂಲೆಯಲ್ಲಿ ಕಾಲು ಕಿಲೋ ಸಿಲಿಕಾ ಜೆಲ್ ಇಡಲು ಜಾಗ ಉಳಿಸಿಕೊಳ್ಳಿ. ನೀಲಿ ಹರಳು ಗುಲಾಬಿಯಾದಾಗ ತೆಗೆದು ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯಲ್ಲಿ ಮತ್ತೆ ಒಗ್ಗರಣೆ ಹಾಕಬಾರದು, ಬಣ್ಣದ ಹರಳಿನ ಕೋಬಾಲ್ಟ್ ಹೊಟ್ಟೆಗೆ ಹೋಗುವಂಥದ್ದಲ್ಲ.